ಹಸಿರು ಮೂಲೆ ತಲೆಯ ಕಡೆ

ಟ್ರಂಕಿನ ಮುಚ್ಚಳ ತೆರೆದ ಕೂಡಲೇ ಮೊದಲು ಬಂದದ್ದು ಅರಿಶಿನದ ವಾಸನೆ. ಅದರ ಬೆನ್ನಿಗೇ ಒಣಗಿದ ಬೇವಿನೆಲೆಯ ಕಹಿ, ಆಮೇಲೆ ಹಳೆಯ ಬಟ್ಟೆಯ ಬೆಚ್ಚನೆಯ ವಾಸನೆ. ಇಂಥದೊಂದು ಟ್ರಂಕು ನಿಮ್ಮ ಮನೆಯಲ್ಲೂ ಇದ್ದೇ ಇರುತ್ತದೆ. ಇಲ್ಲ ಅನ್ನಬೇಡಿ, ಮಂಚದ ಕೆಳಗೆ ಬಗ್ಗಿ ನೋಡಿಲ್ಲ ಅನ್ನಿ. ನಮ್ಮ ಟ್ರಂಕಿನ ತಳದಲ್ಲಿ ಮಡಚಿಟ್ಟದ್ದು ನನ್ನ ಆಯಿಯ ಕೌದಿ. ಆಯಿ ಅಂದರೆ ನಮ್ಮಪ್ಪನ ತಾಯಿ, ಮುನವಳ್ಳಿಯ ಮನೆಯಲ್ಲಿ ನನ್ನನ್ನು ಬೆಳೆಸಿದವಳು. ಅವಳು ಹೋಗಿ ಎಷ್ಟೋ ವರ್ಷವಾದರೂ ಕೌದಿ ಹೊರಗೆ ಬಂದಾಗಲೆಲ್ಲ ಅವಳೇ ಎದ್ದು ಕೂತ ಹಾಗಾಗುತ್ತದೆ.

ಈ ಸಲ ಅದನ್ನು ತೆಗೆಸಿದ್ದು ಮಗಳ ಫೋನು. ಅವಳನ್ನು ರಾಮದುರ್ಗಕ್ಕೆ ಕೊಟ್ಟಿದ್ದೇವೆ. ಈಗ ಬಸುರಿ, ಬಾಣಂತನಕ್ಕೆ ಬೈಲಹೊಂಗಲಕ್ಕೆ ನಮ್ಮ ಮನೆಗೆ ಬರುವವಳು. ಹಿಂದೊಮ್ಮೆ ಬಸಿರು ನಿಂತದ್ದು ನಡುವೆಯೇ ಹೋಗಿತ್ತು. ಅಂದಿನಿಂದ ಹುಡುಗಿ ನಗುವುದನ್ನೂ ಅಳತೆ ಮಾಡಿ ನಗುತ್ತಾಳೆ. ಡಾಕ್ಟರು ಎಲ್ಲ ಸರಿಯಿದೆ ಎಂದರೂ ಕಣ್ಣಿಗೆ ನಿದ್ದೆಯಿಲ್ಲ. ಆ ದಿನ ಅದೂ ಇದೂ ಮಾತಾಡಿ ಕೊನೆಗೆ ಕೇಳಿದಳು: "ಅವ್ವಾ, ಆ ಹಳೇ ಕೌದಿ ಇನ್ನೂ ಐತೇನ? ನಾ ಬಂದಾಗ ಅದನ್ನ ಹೊದ್ದಿಸು. ಸಣ್ಣಾಕಿದ್ದಾಗ ಅದರಾಗ ಮಲಗಿದರ ಭಾಳ ಛಲೋ ನಿದ್ದಿ ಬರತಿತ್ತು."

ಐತಿ ಅಂದುಬಿಟ್ಟೆ. ಬಿಚ್ಚಿ ಹಾಸಿ ನೋಡಿದರೆ ಹಾಗೆನ್ನಲು ನಾಲಿಗೆ ಬರುವಂತಿರಲಿಲ್ಲ. ಮೇಲಿನ ಪದರ ಜಾಳಾಗಿತ್ತು, ಹೊಲಿಗೆ ಅಲ್ಲಲ್ಲಿ ಬಾಯಿ ಬಿಟ್ಟಿತ್ತು. ಕೌದಿ ಗೊತ್ತಿಲ್ಲದವರು ಈಗ ಕಡಿಮೆ, ಆದರೂ ಹೇಳುತ್ತೇನೆ: ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ದಪ್ಪ ಸೂಜಿಯಲ್ಲಿ ಸಾಲುಸಾಲಾಗಿ ಹೊಲಿದ ಹೊದಿಕೆ ಅದು. ಹರಿದರೆ ಎಸೆಯುವುದಿಲ್ಲ. ಹಳೆಯದರ ಮೇಲೆಯೇ ಹೊಸ ಸೀರೆ ಹಾಸಿ ಮತ್ತೆ ಹೊಲಿಸುತ್ತಾರೆ. ಹೀಗೆ ಒಂದು ಕೌದಿಯೊಳಗೆ ನಾಲ್ಕು ಕೌದಿ ಇರುತ್ತವೆ.

ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ನೋಡಿದರು. ನಮ್ಮದು ಬೈಲಹೊಂಗಲದ ಬಜಾರಿನಲ್ಲಿ ಬಟ್ಟೆ ಅಂಗಡಿ. "ಬಟ್ಟಿ ಅಂಗಡಿಯವರ ಮಗಳಿಗೆ ಚಿಂದಿ ಹೊದ್ದಸ್ತೀಯೇನ? ಮಂದಿ ನಗೂದಿಲ್ಲೇನ? ಎರಡ ಛಲೋ ಬ್ಲಾಂಕೆಟ್ ತಗದ ಇಟ್ಟೇನಿ, ಅವನ್ನ ಹೊದ್ದಿಸು" ಎಂದರು. "ಹೂಂ ರೀ" ಎಂದೆ. ಮರುದಿನ ಕೌದಿಯನ್ನು ಗಂಟು ಕಟ್ಟಿಕೊಂಡು ಮುನವಳ್ಳಿಯ ಹಾದಿ ಹಿಡಿದೆ. ನಮ್ಮ ಕಡೆಯ ಹೆಣ್ಣುಮಕ್ಕಳ ಈ "ಹೂಂ ರೀ"ಯ ಸುದ್ದಿ ದೊಡ್ಡದಿದೆ, ಅದಕ್ಕೆ ಮತ್ತೆ ಬರುತ್ತೇನೆ.

ಈ ಕೌದಿಗೆ ಒಂದು ಕಾಯಿದೆ ಇತ್ತು. ಅದರ ನಾಲ್ಕು ಮೂಲೆಗಳಲ್ಲಿ ಮೂರು ಯಾವ ಬಣ್ಣದವಾದರೂ ನಡೆಯುತ್ತಿತ್ತು. ನಾಲ್ಕನೆಯದು ಹಸಿರು ಖಣದ್ದೇ ಆಗಬೇಕು, ಕುಪ್ಪಸಕ್ಕೆಂದು ನೇಯುವ ಆ ಗಟ್ಟಿ ಬಟ್ಟೆಯದು. ಹೊದೆಯುವಾಗ ಆ ಹಸಿರು ಮೂಲೆ ತಲೆಯ ಕಡೆ ಬರಬೇಕು. ಅಪ್ಪಿತಪ್ಪಿ ಕಾಲಿನ ಕಡೆ ಹೋಯಿತೋ, ಆಯಿ ಎಲ್ಲಿದ್ದರೂ ಬರುತ್ತಿದ್ದಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಂದು ಕೌದಿ ಸರ್ರನೆ ಎಳೆದು ತಿರುಗಿಸಿ ಹೋಗುತ್ತಿದ್ದಳು. ಒಳಗಿದ್ದ ನಾವು ಉರುಳಿ ನೆಲಕ್ಕೆ ಬಿದ್ದರೂ ಅವಳಿಗೆ ಚಿಂತೆಯಿರಲಿಲ್ಲ. "ಯಾಕ ಆಯಿ?" ಎಂದರೆ "ಹಸರ ತಂಪು, ತಲಿಗೆ ಛಲೋ" ಎನ್ನುತ್ತಿದ್ದಳು. ನಾನು ನಂಬಿದ್ದೆ. ಮದುವೆಯಾಗಿ ಬಂದ ಮೇಲೆ ನನ್ನ ಮಕ್ಕಳನ್ನೂ ಹಾಗೆಯೇ ಉರುಳಿಸಿದೆ. ದಿನವೆಲ್ಲ ಗಿರಾಕಿಗಳಿಗೆ ಹಸಿರು ಬಟ್ಟೆ ಹರಿದುಕೊಡುವ ನನಗೆ, ಹಸಿರು ಪಾಪ್ಲಿನ್ನಿಗೆ ಇಲ್ಲದ ತಂಪು ಕೌದಿಯ ಒಂದು ಮೂಲೆಗೆ ಎಲ್ಲಿಂದ ಬಂತು ಎಂದು ಒಂದು ದಿನವೂ ಅನ್ನಿಸಲಿಲ್ಲ ನೋಡಿ.

ಇನ್ನೊಂದು ಕಾಯಿದೆ ಮಹಾನವಮಿಯದು. ಹಬ್ಬದ ಮುಂಚೆ ಊರಿನ ಹಾಸಿಗೆ ಹೊದಿಕೆಯೆಲ್ಲ ಹೊಳೆಗೆ ಹೋಗುತ್ತಿತ್ತು. ಮಲಪ್ರಭೆಯ ದಂಡೆಯ ಬಂಡೆಗಳ ಮೇಲೆ ಮುನವಳ್ಳಿಯ ಮನೆಮನೆಯ ಬಣ್ಣ ಒಣಗುತ್ತಿತ್ತು. ನಮ್ಮ ಈ ಕೌದಿ ಮಾತ್ರ ಹೊಳೆಯ ಮುಖ ಕಾಣುತ್ತಿರಲಿಲ್ಲ. ಆಯಿ ಅದನ್ನು ಅಂಗಳದ ಹಗ್ಗದ ಹೊರಸಿನ ಮೇಲೆ ಬಿಸಿಲಿಗೆ ಹಾಕಿ, ಹಸಿರು ಮೂಲೆಯ ಕೆಳಗೆ ಒಂದು ಬೊಗಸೆ ಜೋಳ ಸುರಿದು, ಮೇಲೆ ಅರಿಶಿನ ಉದುರಿಸಿ, ಬೇವಿನ ಸೊಪ್ಪು ಇಡುತ್ತಿದ್ದಳು. "ಇದ್ಯಾಕ?" ಎಂದರೆ "ನುಸಿ ಹತ್ತಬಾರದಂತ" ಎಂಬ ಉತ್ತರ. "ಒಂದ ಮೂಲಿಗೆ ಯಾಕ?" ಎಂದರೆ "ನುಸಿ ಆ ಮೂಲಿಲಿಂದನ ಬರತಾವ, ಹೋಗ ಆಟ ಆಡು." ಇದೂ ನನಗೆ ಸರಿಕಂಡಿತ್ತು. ಅಂಗಡಿಯಲ್ಲಿ ನುಸಿಗುಳಿಗೆಯ ಡಬ್ಬವೇ ಇದ್ದರೂ ಮೂವತ್ತು ಚಿಲ್ಲರೆ ವರ್ಷ ನಾನೂ ಪ್ರತಿ ಮಹಾನವಮಿಗೆ ಆ ಮೂಲೆಗೆ ಅರಿಶಿನ ಉದುರಿಸಿದವಳೇ. ಟ್ರಂಕಿನ ವಾಸನೆ ಅದರದೇ.

ಆಯಿ ಹೀಗೆ ಅರಿಶಿನ ಉದುರಿಸುವಾಗ ಅಜ್ಜ ಕಟ್ಟೆಯ ಮೇಲೆ ಕೂತು ಪೇಪರು ಓದುತ್ತಿದ್ದರು. ಅಜ್ಜನದು ಅಡತಿ ಅಂಗಡಿ. ರೈತರು ತಂದ ಜೋಳ, ಕಡಲೆ, ಹತ್ತಿಯನ್ನು ತೂಗಿ ಮಾರಿಸಿಕೊಡುವ ವ್ಯಾಪಾರ. ತಕ್ಕಡಿ ಇತ್ತು, ಆದರೆ ಊರು ನಂಬುತ್ತಿದ್ದದ್ದು ಅವರ ಕೈಯನ್ನು. ಒಂದು ಗಂಟನ್ನು ಅಂಗೈ ಮೇಲೆ ಇಟ್ಟುಕೊಂಡು ಮೆಲ್ಲಗೆ ಒಮ್ಮೆ ಕುಲುಕಿದರೆ ಒಳಗಿನದು ಎಷ್ಟು, ಹಸಿಯೋ ಒಣಗಿದ್ದೋ ಎಲ್ಲ ಹೇಳುತ್ತಿದ್ದರು. ನಮಗೆ ಅದು ದಿನದ ಆಟ. ಕರವಸ್ತ್ರದಲ್ಲಿ ಏನೇನೋ ಕಟ್ಟಿಕೊಂಡು ಹೋಗುತ್ತಿದ್ದೆವು. ಅಜ್ಜ ಪೇಪರಿನಿಂದ ಕಣ್ಣೆತ್ತದೆ ಕೈ ಚಾಚಿ, "ಎರಡ ನಿಂಬಿಹಣ್ಣು. ಒಂದು ಒಣಗೈತಿ" ಎನ್ನುತ್ತಿದ್ದರು. ಒಮ್ಮೆ ಕಪ್ಪೆ ಕಟ್ಟಿಕೊಂಡು ಹೋಗಿದ್ದೆವು. "ಇದರ ತೂಕ ನಿಂದರವಲ್ದು. ಬಿಡ್ರೆಪಾ ಪಾಪ, ಜೀವ ಐತಿ" ಎಂದರು. "ಅಜ್ಜಾ, ನಿನಗ ಒಮ್ಮಿನೂ ತಪ್ಪೂದಿಲ್ಲೇನ?" ಎಂದು ಕೇಳಿದರೆ ಅಂಗೈ ತೋರಿಸಿ, "ಕಣ್ಣ ಸುಳ್ಳ ಹೇಳತಾವು, ಕೈ ಹೇಳೂದಿಲ್ಲ" ಎನ್ನುತ್ತಿದ್ದರು.

ಅಜ್ಜ ಎರಡು ವಿಷಯಗಳಲ್ಲಿ ಬಹಳ ಬಿಗಿ. ಒಂದು, ಮನೆಯಲ್ಲಿ ಲಿಂಗಪೂಜೆ ಬಿಟ್ಟರೆ ಬೇರೆ ದೇವರು ಕೂಡದು. ಹರೆಯದಲ್ಲಿ ಊರಿಗೆ ಬಂದ ಯಾರೋ ಸ್ವಾಮಿಗಳ ಮಾತು ಕೇಳಿ ಮಾಡಿದ ವ್ರತವಂತೆ. ದೇವರ ಜಗಲಿಯ ಮೇಲೆ ವಿಭೂತಿ, ದೀಪ ಅಷ್ಟೇ. ಇನ್ನೊಂದು, ಮನೆಗೆ ಬಂದವರಲ್ಲಿ ಮೇಲು ಕೆಳಗು ನೋಡಬಾರದು. ಇದೂ ಆ ಸ್ವಾಮಿಗಳೇ ಹೇಳಿದ್ದು.

ಎರಡೂ ಕಡೆ ಎದೆ ಸೆಟೆಸಿ ನಿಲ್ಲುತ್ತಿದ್ದ ಅಜ್ಜ ಒಂದು ವಿಷಯದಲ್ಲಿ ಮಾತ್ರ ಹಾಡಿದ್ದೇ ಹಾಡುವ ಮುದುಕ. ಅದು ಅವರ ಸುಣ್ಣದ ಡಬ್ಬಿ. ಎಲೆ ಅಡಿಕೆಗೆ ಬೇಕಾಗುವ ಸುಣ್ಣ ಇಡುವ ಹಿತ್ತಾಳೆಯ ಡಬ್ಬಿ ಯಾವ ಕಾಲದಲ್ಲೋ ಕಳೆದಿತ್ತು. ಊಟವಾಗಿ ಎಲೆ ಕೈಗೆ ಬಂದಾಗಲೆಲ್ಲ ಅದರ ನೆನಪು. "ಎಂಥಾ ಡಬ್ಬಿ ಅದು! ಕೈಯಾಗ ಹಿಡದರ ಹಿಡದಂಗ ಇರತಿತ್ತು. ಯಾರ ಒಯ್ದರೋ, ಎಲ್ಲಿ ಬಿತ್ತೋ, ಗೊತ್ತ ಆಗಲೇ ಇಲ್ಲ ನೋಡು" ಎಂದು ಆಯಿಗೆ ಕೇಳುವಂತೆ ಹೇಳುತ್ತಿದ್ದರು. ಅಪ್ಪ ಬೆಳಗಾವಿಯಿಂದ ಹೊಸದು ತಂದುಕೊಟ್ಟರೆ ಗೂಡಿನಲ್ಲಿಟ್ಟು ಮರೆತರು. ಸುಣ್ಣವನ್ನು ಕೊನೆಯವರೆಗೂ ಒಂದು ತಗಡಿನ ಮುಚ್ಚಳದಲ್ಲೇ ಇಟ್ಟುಕೊಂಡರು. ಈ ಹಾಡು ಸುರುವಾದಾಗ ಆಯಿ "ಹೂಂ ರೀ, ಎಲ್ಲಿ ಹೋತೋ ಏನೋ" ಎನ್ನುತ್ತ ಸೆರಗು ಬಾಯಿಗೆ ಹಿಡಿದು ಒಳಗೆ ಹೋಗುತ್ತಿದ್ದಳು. ಒಂದು ಡಬ್ಬಿಗಾಗಿ ಗಂಡ ಇಷ್ಟು ಹಂಬಲಿಸುತ್ತಾನಲ್ಲ ಎಂದು ಅಳು ಬಂದಿರಬೇಕು ಎಂದುಕೊಳ್ಳುತ್ತಿದ್ದೆ.

ಈಗ ಬೂಬವ್ವನ ವಿಷಯ. ಕೌದಿ ಹೊಲಿಯುತ್ತಿದ್ದವಳು ಅವಳೇ. ಮುಸಲ್ಮಾನರ ಓಣಿಯವಳು, ಆಯಿಯ ವಾರಿಗೆಯವಳು. ಬೇಸಿಗೆಯಲ್ಲಿ ಬಂದು ನಮ್ಮ ಕಟ್ಟೆಯ ಮೇಲೆ ಕೌದಿ ಹಾಸಿ ಕೂತಳೆಂದರೆ ಹೋಗುವಾಗ ಹೊತ್ತು ಮುಳುಗಿರುತ್ತಿತ್ತು. ಊಟ ನಮ್ಮಲ್ಲೇ. ಮೂಲೆ ಮುಚ್ಚುವ ಮೊದಲು ಒಳಗೆ ಒಂದು ತುಣುಕು ಒಣರೊಟ್ಟಿ ಇಡುತ್ತಿದ್ದಳು. "ಕೌದಿ ಹಸದಿರಬಾರದವಾ. ಅದರ ಹೊಟ್ಟಿ ತುಂಬಿದ್ರ ಹೊದ್ದಾವರ ಹೊಟ್ಟಿ ತುಂಬತೈತಿ" ಎನ್ನುತ್ತಿದ್ದಳು. ನಮಗೂ ಒಂದೊಂದು ತುಣುಕು ಸಿಗುತ್ತಿದ್ದುದರಿಂದ ನಾವು ಅವಳ ಸುತ್ತಲೇ. ಆದರೆ ಆಯಿಯ ಕೌದಿಗೆ ಹೊಸ ಪದರ ಹಾಕುವಾಗ, ಹಸಿರು ಮೂಲೆಯ ಹತ್ತಿರ ಸೂಜಿ ಬಂತು ಅಂದ ಕೂಡಲೇ ನಮ್ಮನ್ನು ನೀರು ತರಲು ಓಡಿಸುತ್ತಿದ್ದಳು. ಕುಡಿಯುವ ನೀರಿನ ತಂಬಿಗೆ ಬಗಲಲ್ಲೇ ತುಂಬಿ ನಿಂತಿರುತ್ತಿತ್ತು. ಓಡಿಹೋಗಿ ಬರುವಷ್ಟರಲ್ಲಿ ಹೊಸ ಹಸಿರು ಖಣ ಕೂತಿರುತ್ತಿತ್ತು, ಆಯಿಯ ಬೆರಳ ತುದಿ ಕೆಂಪಗಿರುತ್ತಿತ್ತು. ಕುಂಕುಮ ಎಂದು ಈಗ ಗೊತ್ತು. ಆಗ, ಸೂಜಿ ಚುಚ್ಚಿದೆ ಅಂದುಕೊಂಡು ಅರಿಶಿನ ತಂದುಕೊಟ್ಟಿದ್ದೆ.

ಅಜ್ಜ ಹಾಸಿಗೆ ಹಿಡಿದ ದಿನಗಳಲ್ಲಿ ಆ ಕೌದಿಯನ್ನೇ ಕೇಳಿದರು. ಹೊದ್ದಿಸಿದ ಮೇಲೆ ಅವರ ಬಲಗೈ ಹೊರಗೆ ಬಂದು ಹಸಿರು ಮೂಲೆಯ ಮೇಲೆ ಬಿದ್ದಿರುತ್ತಿತ್ತು. ಅವರು ಹೋದ ಮೇಲೆ, ನನ್ನ ಮದುವೆಯಲ್ಲಿ ಆಯಿ ಅದನ್ನು ಮಡಚಿ ನನ್ನ ಟ್ರಂಕಿನ ತಳಕ್ಕೆ ಹಾಕಿದಳು. ಅವಳಿಗೆ ಹೆಣ್ಣುಮಕ್ಕಳಿರಲಿಲ್ಲ. "ಇದು ಹೆಣಮಕ್ಕಳಿಗೆ ಹೋಗೂದು" ಎಂದಳು, ಅಷ್ಟೇ. ಹೊಸ ಸೀರೆಗಳ ಕಡೆ ಕಣ್ಣಿದ್ದ ನಾನು ಮುಂದೆ ಕೇಳಲೂ ಇಲ್ಲ.

ಸವದತ್ತಿಯಲ್ಲಿ ಬಸ್ಸು ಬದಲಿಸಿದೆ. ಅಂದು ಮಂಗಳವಾರ. ದೇವಿಯ ಗುಡ್ಡದಿಂದ ಇಳಿದು ಬಂದವರ ಹಣೆಯ ಮೇಲೆಲ್ಲ ಭಂಡಾರದ ಅರಿಶಿನ, ಸ್ಟ್ಯಾಂಡಿನ ಬೆಂಚೂ ಹಳದಿ. ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಣ್ಣುಮಗಳು ನನ್ನ ಗಂಟನ್ನು ನೋಡಿ, "ದೇವಿಗೆ ಹೋಗಿ ಬಂದ್ರೇನ್ರಿ?" ಎಂದಳು. "ಇಲ್ಲ ಬಿಡವಾ, ಕೌದಿ ಹೊಲಸಾಕ ಹೊಂಟೇನಿ. ನಮ್ಮ ಮನ್ಯಾಗ ದೇವಿ ಗೀವಿ ಇಲ್ಲ" ಎಂದು ಗಂಟನ್ನು ತೊಡೆಯ ಮೇಲೆ ಎಳೆದುಕೊಂಡು ಕೂತೆ. ಎಷ್ಟು ಧಿಮಾಕಿನಿಂದ ಹೇಳಿದೆ ಎಂದು ನೆನೆದರೆ ಈಗಲೂ ನಗು ಬರುತ್ತದೆ.

ಬೂಬವ್ವ ಇಲ್ಲ. ಅವಳ ಮೊಮ್ಮಗಳು ಹಸೀನಾ ಅದೇ ಮನೆಯಲ್ಲಿ ಕೌದಿ ಹೊಲಿಯುತ್ತಾಳೆ. ಗಂಡ ಟೆಂಪೋ ಓಡಿಸುತ್ತಾನೆ. ನನಗಿಂತ ಹತ್ತು ವರ್ಷ ಚಿಕ್ಕವಳು, ಬಾಯಲ್ಲಿ ಸದಾ ಎಲೆ. ನನ್ನನ್ನು ನೋಡಿ, "ಬರ್ರಿ ಅಕ್ಕಾರ, ಬರ್ರಿ, ಕುಂಡ್ರಿ. ಎಷ್ಟ ವರ್ಷಾತ್ರಿ ನಿಮ್ಮ ಮಾರಿ ನೋಡಿ" ಎಂದು ಚಾಪೆ ಹಾಸಿದಳು. ಗಂಟು ಬಿಚ್ಚಿದೆ. ಮಗಳ ಸಂಗತಿ ಹೇಳಿ, ಮೇಲಿನ ಪದರ ಪೂರಾ ಬಿಚ್ಚಿ ಹೊಸದು ಹಾಕು ಎಂದೆ. ಅವಳು ಕತ್ತರಿ ತೆಗೆದುಕೊಂಡು ಒಂದೊಂದೇ ಅಂಚು ಬಿಚ್ಚುತ್ತ ಬಂದಳು. ಹಸಿರು ಮೂಲೆ ಬಂದಾಗ ಕೈ ನಿಂತಿತು. ಮೂಲೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿದಳು. ಎದ್ದುಹೋಗಿ ಎಲೆ ಉಗುಳಿ, ಬಾಯಿ ಮುಕ್ಕಳಿಸಿ ಬಂದು ಕತ್ತರಿಯನ್ನು ನನ್ನ ಕೈಗೆ ಕೊಟ್ಟಳು.

"ಇದನ್ನ ನೀವ ಬಿಚ್ಚಬೇಕ್ರಿ ಅಕ್ಕಾರ. ನಮ್ಮ ಅಮ್ಮಾ ಹೇಳಿ ಹೋಗ್ಯಾಳ. ಆ ಮನಿ ಕೌದಿ ಬಂದ್ರ ಹಸರ ಮೂಲಿಗೆ ನೀ ಕತ್ರಿ ಹಚ್ಚಬ್ಯಾಡ, ಅವರ ಮನಿ ಹೆಣಮಕ್ಕಳ ಕೈಲೆ ಬಿಚ್ಚಸು ಅಂತ." ಅಮ್ಮಾ ಎಂದರೆ ಅವಳ ಅಜ್ಜಿ, ಬೂಬವ್ವ.

ಬಿಚ್ಚಿದೆ. ಹಸಿರು ಖಣದ ಕೆಳಗೆ ಇನ್ನೊಂದು ಹಸಿರು ಖಣ, ಅದರ ಕೆಳಗೆ ಇನ್ನೊಂದು. ಒಂದೊಂದರಲ್ಲೂ ಒಂದು ಚಿಟಿಕೆ ಕುಂಕುಮ ಕಲೆಯಾಗಿ ನಿಂತಿತ್ತು. ಬಟ್ಟೆ ನೋಡಿ ವರ್ಷ ಹೇಳುವ ಸೊಕ್ಕು ನನ್ನದು. ಇದು ನನ್ನ ಬಾಲ್ಯದ್ದು, ಇದು ಅಪ್ಪನ ಮದುವೆಯ ಕಾಲದ್ದು ಎಂದುಕೊಳ್ಳುತ್ತ ಹೋದೆ. ಕೊನೆಯದು ಯಾವ ಕಾಲದ್ದೋ ನನಗೆ ಗೊತ್ತಾಗಲಿಲ್ಲ. ಮುಟ್ಟಿದರೆ ಪುಡಿಯಾಗುವಂತಿತ್ತು. ಅದರೊಳಗೆ ರೊಟ್ಟಿಯ ಪುಡಿ, ನಾಲ್ಕು ಕಾಳು, ಮತ್ತೆ ಕಪ್ಪಗಾದ ಒಂದು ಬೆಳ್ಳಿಯ ತಗಡು. ಹೆಬ್ಬೆರಳಿನಷ್ಟು ಉದ್ದ. ಸೆರಗಿನಿಂದ ಒರೆಸಿದೆ. ಒಬ್ಬ ಹೆಣ್ಣುಮಗಳು ಕೂತಿದ್ದಾಳೆ. ಮೂಗು ಬಾಯಿ ಸವೆದು ಹೋಗಿವೆ, ಎರಡು ಕಣ್ಣು ಉಳಿದಿವೆ. ಎಷ್ಟು ಜನ ಹೆಂಗಸರ ಹೆಬ್ಬೆರಳು ಆ ಮುಖ ತೊಳೆದು ಸವೆಸಿದವೋ!

"ನಿಮ್ಮ ಆಯಿ ದೇವಿರಿ. ತೊರಗಲ್ಲಿಂದ ತಂದಿದ್ರಂತ. ಕ್ವಾಟ್ಯವ್ವ ಅಂತಿದ್ರಂತ" ಎಂದಳು ಹಸೀನಾ. ತಗಡನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ಒರೆಸಿದೆ.

ಹಸೀನಾ ತನ್ನ ಅಜ್ಜಿಯಿಂದ ಕೇಳಿದ್ದನ್ನು ಹೇಳಿದಳು. ಆಯಿಯ ತವರು ತೊರಗಲ್ಲು. ಅಲ್ಲಿ ತಾಯಿಯಿಂದ ಮಗಳಿಗೆ, ಆ ಮಗಳಿಂದ ಅವಳ ಮಗಳಿಗೆ ಈ ತಗಡು ಬರುತ್ತಿತ್ತು. ಗುಡಿಯಿಲ್ಲ, ಪೂಜಾರಿಯಿಲ್ಲ. ಬಸುರಿ ಬಾಣಂತಿಯರನ್ನು ಕಾಯುವವಳು ಎಂದು ನಂಬಿಕೆ. ಆಯಿ ಮುನವಳ್ಳಿಗೆ ಬಂದ ಮೇಲೆ ಎರಡು ಕೂಸು ಹುಟ್ಟಿ ಉಳಿಯಲಿಲ್ಲ. ಮೂರನೆಯದು ಹೊಟ್ಟೆಯಲ್ಲಿದ್ದಾಗಲೇ ಅಜ್ಜ ವ್ರತ ಹಿಡಿದದ್ದು. "ಮನ್ಯಾಗ ಇನ್ನ ಲಿಂಗ ಒಂದ. ಆ ತಗಡ ಗಂಟ ಕಟ್ಟಿ ಇಡು, ಮುಂಜಾನೆ ಹೊಳಿಗೆ ಬಿಟ್ಟ ಬರತೇನಿ" ಎಂದರಂತೆ. ಆಯಿ "ಹೂಂ ರೀ" ಎಂದಳಂತೆ. ಅಷ್ಟೆಂದು ಹಿತ್ತಲ ಬಾಗಿಲಿನಿಂದ ಸೀದಾ ಬೂಬವ್ವನ ಮನೆಗೆ ಬಂದು ಕೂತು ಅತ್ತಳಂತೆ. ದೇವಿ ಹೊಳೆಗೆ ಹೋದರೆ ಈ ಕೂಸೂ ಉಳಿಯುವುದಿಲ್ಲ ಎಂಬುದು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು.

"ನಮ್ಮ ಅಮ್ಮಾ ಏನಂದ್ಲ ಗೊತ್ತೇನ್ರಿ? 'ನಿಮ್ಮ ದೇವಿ ನನಗ ಗೊತ್ತಿಲ್ಲ ಅಕ್ಕಾ. ಬಸರಿ ಹೆಣಮಗಳ ಅಳೂದ ಗೊತ್ತೈತಿ. ತಾ ಇಲ್ಲಿ, ನನ್ನ ಕೈಯಾಗ ಕೊಡು' ಅಂದ್ಲಂತ. ಆಮ್ಯಾಲ ಹೊಳಿಗೆ ಹೋಗೂ ಗಂಟಿನ್ಯಾಗ ಏನರ ಇಡಬೇಕಲ್ಲರಿ? ನಿಮ್ಮ ಆಯಿ ಗಡಬಡಿಯೊಳಗ ಕೈಗೆ ಸಿಕ್ಕದ್ದ ಕಟ್ಟಿ ಇಟ್ರಂತ. ಏನ ಕಟ್ಟಿರಬಹುದು ಹೇಳ್ರಿ?"

ನನಗೆ ಗೊತ್ತಾಯಿತು. ಹೇಳುವ ಮೊದಲೇ ನಗು ಬಂತು. "ಸುಣ್ಣದ ಡಬ್ಬಿ!"

"ಹೂಂ ರೀ! ಅಜ್ಜಾರ ಸುಣ್ಣದ ಡಬ್ಬಿ!"

ಇಬ್ಬರೂ ನಕ್ಕು ನಕ್ಕು ಕಣ್ಣಲ್ಲಿ ನೀರು. ನಮ್ಮ ಅಜ್ಜ ಮಡಿಯುಟ್ಟು, ಮಲಪ್ರಭೆಯ ದಂಡೆಯಲ್ಲಿ ನಿಂತು, ಕೈಮುಗಿದು ತಮ್ಮದೇ ಸುಣ್ಣದ ಡಬ್ಬಿಯನ್ನು ನೀರಿಗೆ ಬಿಟ್ಟು ಬಂದಿದ್ದರು. ಆಯಿ ಸೆರಗು ಬಾಯಿಗೆ ಹಿಡಿದು ಒಳಗೆ ಹೋಗುತ್ತಿದ್ದದ್ದು ಅಳಲಿಕ್ಕಲ್ಲ. ಮುಂದಿನದೂ ಕೇಳಿ. ಮೊದಲು ಬೂಬವ್ವನಿಗೆ ನಮ್ಮ ಕಟ್ಟೆ ಹತ್ತುವ ಹಕ್ಕಿರಲಿಲ್ಲ. ಮೇಲು ಕೆಳಗು ಇಲ್ಲ ಎಂಬ ವ್ರತವನ್ನೂ ಅದೇ ವಾರ ಹಿಡಿದಿದ್ದ ಅಜ್ಜ ಅವಳನ್ನು ತಾವೇ ಕರೆದು ಕಟ್ಟೆಯ ಮೇಲೆ ಕೂರಿಸಿದರು. ಯಾವ ಸ್ವಾಮಿಗಳ ಮಾತಿಗೆ ದೇವಿ ಮನೆಯಿಂದ ಹೊರಟಳೋ ಅದೇ ಸ್ವಾಮಿಗಳ ಮಾತಿಗೆ ಬೂಬವ್ವ ಒಳಗೆ ಬಂದಳು, ಬರುವಾಗ ಮಡಿಲಲ್ಲಿ ದೇವಿಯನ್ನು ಕಟ್ಟಿಕೊಂಡೇ ಬಂದಳು. ಅಜ್ಜನ ಕಣ್ಣೆದುರೇ, ಅಜ್ಜನ ಕಟ್ಟೆಯ ಮೇಲೆಯೇ ಕೌದಿ ಹೊಲಿದಳು. ಆ ಕ್ವಾಟ್ಯವ್ವನನ್ನು ಹೊದ್ದು ಹುಟ್ಟಿ ಉಳಿದ ಕೂಸು ನಮ್ಮಪ್ಪ.

"ಒಂದ ಸಲಾ ಮಾತ್ರ ನಿಮ್ಮ ಆಯಿ ಜೀವಾ ಹೋಗಿ ಬಂತಂತ್ರಿ" ಎಂದು ಹಸೀನಾ ಮುಂದುವರಿಸಿದಳು. "ಮುಂಜಾನೆ ಅಜ್ಜಾರು ಗಂಟ ಅಂಗೈ ಮ್ಯಾಲ ಇಟಗೊಂಡು ಹಂಗ ನಿಂತಬಿಟ್ರಂತ. ಬಾಗಲದಾಗ ನಿಂತು ನಿಮ್ಮ ಆಯಿ ಮಾರಿ ನೋಡಿದ್ರಂತ, ಹೊಟ್ಟಿ ನೋಡಿದ್ರಂತ. ಆಮ್ಯಾಲ ಏನೂ ಅನ್ನಲಾರದ ಹೊಳಿ ಕಡೆ ನಡದ್ರಂತ. ದೇವಿನ ಅವರ ಕಣ್ಣಿಗೆ ಮಣ್ಣ ಹಾಕಿದ್ಲು ಅಂತಿದ್ಲು ನಮ್ಮ ಅಮ್ಮಾ."

ನನ್ನ ನಗು ನಿಂತಿತು.

"ಹಸೀನಾ, ನಿನ್ನ ಸುಣ್ಣದ ಡಬ್ಬಿ ಕೊಡವಾ" ಎಂದೆ. ಅವಳದೂ ಹಿತ್ತಾಳೆಯದೇ, ಅವಳ ಅಜ್ಜಿಯದಂತೆ. ಅದನ್ನು ಒಂದು ಅಂಗೈಯಲ್ಲಿಟ್ಟುಕೊಂಡೆ, ಬೆಳ್ಳಿಯ ತಗಡನ್ನು ಇನ್ನೊಂದು ಅಂಗೈಯಲ್ಲಿ. ತಗಡು ಎಲೆಯಷ್ಟು ಹಗುರ, ಇದೆಯೋ ಇಲ್ಲವೋ ಅನ್ನುವ ಹಾಗೆ. ಡಬ್ಬಿಯ ಭಾರಕ್ಕೆ ಕೈ ಬಾಗಿತು. ಒಂದು ಮೀಟರಿಗೂ ಒಂದೂಕಾಲಿಗೂ ಎಡವುವ ನನ್ನ ಕೈಗೇ ಇದು ಗೊತ್ತಾಯಿತು. ನಿಂಬೆಹಣ್ಣು ಒಣಗಿದ್ದನ್ನು ಹೇಳುವ, ಕಪ್ಪೆಯ ಜೀವವನ್ನು ಗಂಟಿನ ಹೊರಗಿನಿಂದ ತಿಳಿಯುವ ಅಜ್ಜನ ಕೈಗೆ ತಿಳಿಯಲಿಲ್ಲವೇ? ದಿನಕ್ಕೆ ಹತ್ತು ಸಲ ಹಿಡಿಯುತ್ತಿದ್ದ ತಮ್ಮದೇ ಡಬ್ಬಿ ಅದು.

ಗೊತ್ತಾಗಿತ್ತು. ಗಂಟು ಕೈಗೆ ಬಂದ ಕ್ಷಣವೇ ಗೊತ್ತಾಗಿತ್ತು. ಗೊತ್ತಾಗಿಯೂ ಹೆಂಡತಿಯ ಮುಖ ನೋಡಿದರು, ಹೊಟ್ಟೆ ನೋಡಿದರು, ಹೊಳೆಗೆ ಹೋದರು. ಪ್ರೀತಿಯ ಡಬ್ಬಿಯನ್ನು ನೀರಿಗೆ ಬಿಟ್ಟು ಬಂದರು. ಅಲ್ಲಿಂದ ಸಾಯುವವರೆಗೆ ಊಟವಾದಾಗಲೆಲ್ಲ ಆಯಿಗೆ ಕೇಳುವಂತೆ "ಎಲ್ಲಿ ಬಿತ್ತೋ ಗೊತ್ತ ಆಗಲೇ ಇಲ್ಲ" ಎಂದು ಹಾಡಿದರು. ಅದು ಡಬ್ಬಿಯ ಹಂಬಲವಲ್ಲ. ನಿನ್ನ ಗುಟ್ಟು ನನಗೆ ಗೊತ್ತಿಲ್ಲ, ನೀನು ನಿಶ್ಚಿಂತೆಯಿಂದಿರು ಎಂದು ಆಕೆಗೆ ದಿನವೂ ಕೊಟ್ಟ ಮಾತು. ಆಯಿ ಅಜ್ಜನಿಂದ ದೇವಿಯನ್ನು ಬಚ್ಚಿಟ್ಟಳು. ಅಜ್ಜ ತಮಗೆ ಗೊತ್ತಿರುವುದನ್ನೇ ಆಯಿಯಿಂದ ಬಚ್ಚಿಟ್ಟರು. ಹಾಸಿಗೆ ಹಿಡಿದಾಗ ಅವರ ಕೈ ಹಸಿರು ಮೂಲೆಯ ಮೇಲೆ ಯಾಕೆ ಬಿದ್ದಿರುತ್ತಿತ್ತು ಎಂದು ಯೋಚಿಸಿ ಆ ಚಾಪೆಯ ಮೇಲೆ ಕೂತು ಅತ್ತುಬಿಟ್ಟೆ. ಹಸೀನಾಗೆ ಅಜ್ಜನ ಕೈಯ ವಿಷಯ ಹೇಳಿದೆ. ಅವಳು "ಯಾ ಅಲ್ಲಾ" ಎಂದು ಕೆನ್ನೆ ಮುಟ್ಟಿಕೊಂಡಳು.

ಕ್ವಾಟ್ಯವ್ವ ಎಂದರೆ ಕೋಟೆಯ ಅವ್ವ; ತೊರಗಲ್ಲಿನ ಆ ಕೋಟೆಯನ್ನು ನೀವು ನೋಡಿರಬಹುದು. ಎಷ್ಟು ಧಣಿಗಳು ಆಳಿ ಹೋದರೋ, ಬಂದವರೆಲ್ಲ ತಮ್ಮ ತಮ್ಮ ದೇವರನ್ನು ತಂದರು, ಬೇರೆಯವರದನ್ನು ಇಳಿಸಿದರು. ನಮ್ಮ ಹೆಂಗಸರು ಯಾರ ಎದುರೂ ವಾದ ಮಾಡಿದ್ದು ನಾನು ಕೇಳಿಲ್ಲ. "ಹೂಂ ರೀ" ಎಂದು ಒಳಗೆ ಹೋದರು. ಒಳಗೆ ಹೋಗಿ ಮೊದಲ ರೊಟ್ಟಿಯ ತುಣುಕನ್ನು ಒಲೆಗೆ ಹಾಕಿದರು, ಬೀಜದ ಬುಟ್ಟಿಗೆ ಕುಂಕುಮ ಹಚ್ಚಿದರು, ನುಸಿಯ ನೆಪದಲ್ಲಿ ಅರಿಶಿನ ಉದುರಿಸಿದರು. ಕೇಳಿದರೆ ತಂಪಿಗೆ, ರೂಢಿಗೆ, ಮಕ್ಕಳ ಆಟಕ್ಕೆ ಎಂದರು. ಗುಡ್ಡದ ಮೇಲಿನ ದೇವಿಗೆ ಸಾವಿರ ಜನರಿದ್ದಾರೆ, ಬಹಳ ಒಳ್ಳೆಯದು. ಗುಡಿಯಿಲ್ಲದ ಇವಳು ಈ "ಹೂಂ ರೀ"ಯೊಳಗೆ ಬೆಚ್ಚಗೆ ಉಳಿದಳು. ಹೆಂಗಸರ ಜಾಣತನ ಅದು, ನಿಜ. ಆದರೆ ಪ್ರತಿಯೊಂದು ಮನೆಯಲ್ಲೂ ಒಬ್ಬ ಬೂಬವ್ವ ಬೇಕಾಗಿರಬೇಕು, ಭಾರ ಗೊತ್ತಾಗಿಯೂ ಸುಮ್ಮನೆ ನಡೆದ ಒಬ್ಬ ಗಂಡಸೂ ಬೇಕಾಗಿರಬೇಕು. ಅವರಿಗೆಲ್ಲ ನಾನು ಇನ್ನು ಹೇಗೆ ಕೈಮುಗಿಯಲಿ?

"ಏನ ಮಾಡೂನ್ರಿ ಅಕ್ಕಾರ?" ಎಂದಳು ಹಸೀನಾ. "ಈಗೇನ ಯಾರೂ ಹೊಳಿಗೆ ಒಯ್ಯೂದಿಲ್ಲ. ಜಗಲಿ ಮ್ಯಾಲ ಇಡತೀರೋ, ಮತ್ತ ಒಳಗ ಹಾಕೂನೋ?"

ತಗಡನ್ನು ಅಂಗೈಯಲ್ಲಿ ತಿರುಗಿಸಿ ನೋಡಿದೆ. ಜಗಲಿಯ ಮೇಲೆ ಇಟ್ಟರೆ ತಿಕ್ಕಿ ತೊಳೆಯುವ ಬೆಳ್ಳಿ ಸಾಮಾನುಗಳಲ್ಲಿ ಇವಳೂ ಒಂದಾಗುತ್ತಾಳೆ. ಅಜ್ಜನ ವ್ರತವೂ ಒಂದಿತ್ತಲ್ಲ, ಅಷ್ಟು ದೊಡ್ಡ ಮನಸ್ಸಿನ ಮನುಷ್ಯನ ಮಾತನ್ನು ಮೊಮ್ಮಗಳು ಮುರಿಯುವುದೇ? "ಒಳಗ ಹಾಕೂನು. ಅಕಿಗೂ ಅಲ್ಲೇ ರೂಢಿ ಐತಿ" ಎಂದೆ.

ಹಸೀನಾ ತನ್ನ ಮಗಳಿಗೆಂದು ಇಟ್ಟಿದ್ದ ಹೊಸ ಹಸಿರು ಖಣದ ತುಂಡನ್ನು ಪೆಟ್ಟಿಗೆಯಿಂದ ತೆಗೆದಳು. ಬೇಡ, ಅಂಗಡಿಯಿಂದ ತರುತ್ತೇನೆ ಎಂದರೆ ಕೇಳಲಿಲ್ಲ. ಹಳೆಯ ಖಣಗಳ ಮೇಲೆ ಅದನ್ನು ಹಾಸಿ ಕುಂಕುಮದ ಬೊಟ್ಟು ಇಟ್ಟೆ. ಅವಳು ಒಳಗಿನಿಂದ ಒಣರೊಟ್ಟಿಯ ತುಣುಕು ತಂದು ಇಟ್ಟಳು. ಮೂಲೆಯ ಮೊದಲ ಹೊಲಿಗೆ ನನ್ನದು. ಅದು ಸೊಟ್ಟಗಾಯಿತು. ಹಸೀನಾ ಬಿಚ್ಚಲಿಲ್ಲ, ಅದರ ಪಕ್ಕದಲ್ಲೇ ತನ್ನ ನೇರ ಹೊಲಿಗೆ ಹಾಕುತ್ತ ಹೋದಳು.

ಕೌದಿ ಬಂತು, ಅದರ ಹಿಂದೆಯೇ ಮಗಳೂ ಬಂದಳು. ಯಜಮಾನರು ಅಂಗಡಿಯಿಂದ ಊಟಕ್ಕೆ ಬಂದವರು ಮಂಚದ ಮೇಲಿನ ಕೌದಿಯನ್ನು ಕೈಗೆತ್ತಿಕೊಂಡರು. ಬಟ್ಟೆ ವ್ಯಾಪಾರಿಯ ಎರಡು ಬೆರಳು ಅಂಚಿನುದ್ದಕ್ಕೂ ಹರಿದವು. "ಹೊಲಿಗಿ ಛಲೋ ಐತಿ" ಎಂದರು. ಬೆರಳು ಹಸಿರು ಮೂಲೆಗೆ ಬಂದು ನಿಂತವು. ಒತ್ತಿ ನೋಡಿದರು, ಇನ್ನೊಮ್ಮೆ ಒತ್ತಿದರು. ಮುಖವೆತ್ತಿ ನನ್ನನ್ನು ನೋಡಿದರು. ನಾನು ತಟ್ಟೆ ಒರೆಸತೊಡಗಿದೆ. "ಇಲ್ಲಿ ಒಳಗ..." ಎಂದವರು ಮಾತು ಅಲ್ಲಿಗೇ ಬಿಟ್ಟು ಕೈ ತೊಳೆಯಲು ಹೋದರು.

ಊಟವಾದ ಮೇಲೆ ಮಗಳು ಅಡ್ಡಾದಳು. "ಅವ್ವಾ, ಈ ಮೂಲ್ಯಾಗ ಏನೋ ಐತಲ್ಲ?" ಎಂದಳು. "ರೊಟ್ಟಿ ತುಣಕ ಐತಿ. ಕೌದಿ ಹಸದಿರಬಾರದು" ಎಂದೆ. ಅವಳು ನಕ್ಕಳು. ಅಳತೆಯ ನಗುವಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಕೌದಿ ಎಳೆದುಕೊಂಡಳು. ಹಸಿರು ಮೂಲೆ ಕಾಲಿನ ಕಡೆ ಹೋಯಿತು. ನಾನು ಬಾಯಿ ತೆರೆಯುವ ಮೊದಲೇ ಬಾಗಿಲಿನಿಂದ ಅವಳ ಅಪ್ಪನ ದನಿ ಬಂತು.

"ತಿರುಗಿಸಿ ಹೊದ್ಕೊಳವಾ. ಹಸರ ಮೂಲಿ ತಲಿ ಕಡೆ."

ನಾನು ಅವರ ಮುಖ ನೋಡಲಿಲ್ಲ, ಅವರು ನನ್ನ ಮುಖ ನೋಡಲಿಲ್ಲ. ಎಲೆ ಅಡಿಕೆಯ ತಟ್ಟೆ ಎಳೆದುಕೊಂಡು, ಎಂದೂ ಮಾಡದವಳು ಅಂದು ನಾನೇ ಎಲೆಗೆ ಸುಣ್ಣ ಹಚ್ಚಿ, ಮಡಚಿ ಅವರ ಕೈಗೆ ಕೊಟ್ಟೆ. ಬಾಯಿಗಿಟ್ಟುಕೊಂಡು ಸ್ವಲ್ಪ ಹೊತ್ತು ಅಗಿದರು. ಅಷ್ಟರಲ್ಲಿ ಮಂಚದ ಮೇಲೆ ಮಗಳಿಗೆ ನಿದ್ದೆ ಹತ್ತಿತ್ತು. ಬಾಯಿ ತುಸು ತೆರೆದು, ಸಣ್ಣವಳಿದ್ದಾಗ ಮಲಗುತ್ತಿದ್ದ ಹಾಗೆಯೇ ಮಲಗಿದ್ದಳು.

"ಸುಣ್ಣ ಸ್ವಲ್ಪ ಹೆಚ್ಚಾತು" ಎಂದರು, ಮಗಳು ಏಳದ ಹಾಗೆ ಮೆಲ್ಲಗೆ.

"ಹೂಂ ರೀ" ಎಂದೆ.